ತಂಬಾಕಿನ ಖಾರ ಬೇರಿನಲ್ಲಿ ಹುಟ್ಟುತ್ತದೆ

ಹುಕ್ಕೇರಿ, ಚಿಕ್ಕೋಡಿ, ನಿಪ್ಪಾಣಿ ಕಡೆ ತಂಬಾಕು ಬೆಳೆದವರಿಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗಿಡ ಹೂವಿಗೆ ಬರುವ ಹೊತ್ತಿಗೆ ಕುಡಿ ಚಿವುಟಬೇಕು. ಆಮೇಲೆ ಎಲೆಗಳ ಬಗಲಲ್ಲಿ ಮೂಡುವ ಚಿಗುರನ್ನೂ ಬಿಡದೆ ತೆಗೆಯಬೇಕು. ಹಾಗೆ ಮಾಡಿದರೆ ಎಲೆ ದಪ್ಪ ಬರುತ್ತದೆ, ತಂಬಾಕು ಕಡಕ್ ಆಗುತ್ತದೆ. ಬಿಟ್ಟರೆ ಎಲೆ ತೆಳು, ಖಾರ ಕಡಿಮೆ. ವ್ಯಾಪಾರಿ ಒಂದು ಚಿಟಿಕೆ ಮೂಗಿಗೆ ಹಿಡಿದು ನೋಡಿ ರೇಟು ಇಳಿಸುತ್ತಾನೆ.

ತುದಿಯಲ್ಲಿ ಕುಡಿ ಚಿವುಟಿದರೆ ಕೆಳಗಿನ ಎಲೆಗೆ ಖಾರ ಎಲ್ಲಿಂದ ಬರುತ್ತದೆ?

ಉತ್ತರ ಮಣ್ಣಿನೊಳಗಿದೆ. ಆ ಖಾರದ ಹೆಸರು ನಿಕೋಟಿನ್. ನಮಗೆ ಅದು ಸಿಗುವುದು ಎಲೆಯಲ್ಲಿ, ಹುಟ್ಟುವುದು ಮಾತ್ರ ಬೇರಿನಲ್ಲಿ. ಬೇರಿನಲ್ಲಿ ತಯಾರಾಗಿ, ನೀರಿನ ಜೊತೆ ಕಾಂಡ ಹತ್ತಿ, ಎಲೆಯಲ್ಲಿ ಹೋಗಿ ಕೂರುತ್ತದೆ. ತಂಬಾಕು ನಮ್ಮ ಸೀಮೆಗೆ ಬಂದು ನಾನೂರು ವರ್ಷ ದಾಟಿದೆ. ಈ ಸಂಗತಿ ಜಗತ್ತಿಗೆ ಗೊತ್ತಾಗಿ ಇನ್ನೂ ನೂರು ವರ್ಷ ತುಂಬಿಲ್ಲ.

ಇದು ಬರೀ ವಿಜ್ಞಾನಿಗಳಿಗೆ ಬೇಕಾದ ಸಂಗತಿಯಲ್ಲ. ಮದ್ದು ಗಿಡದ ಯಾವ ಭಾಗದಲ್ಲಿ ಹುಟ್ಟುತ್ತದೆ, ಯಾವ ಭಾಗಕ್ಕೆ ಹೋಗಿ ಸೇರುತ್ತದೆ ಅನ್ನುವುದರ ಮೇಲೆ ನಮ್ಮ ಕೂಲಿಕಾರರ ಆರೋಗ್ಯ, ಹೊಲದ ಮಣ್ಣು, ಕಾಡಿನ ಗಿಡ ಎಲ್ಲವೂ ನಿಂತಿವೆ. ಅದಕ್ಕೇ ಈ ಕತೆಯನ್ನು ಮೊದಲಿಂದ ನೋಡೋಣ.

ಬಿಜಾಪುರದಿಂದ ಅಕ್ಬರನ ಆಸ್ಥಾನಕ್ಕೆ

ತಂಬಾಕು ನಮ್ಮ ದೇಶದ ಗಿಡವಲ್ಲ. ಅಮೆರಿಕ ಖಂಡದ್ದು. ಪೋರ್ಚುಗೀಸರ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬಂತು, ಅಲ್ಲಿಂದ ದಖ್ಖನ್ನಿಗೆ ಹತ್ತಿತು. ಆಗ ನಮ್ಮ ಬೆಳಗಾವಿ ಸೀಮೆ ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು.

ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ ಮೊಘಲ್ ದೊರೆ ಅಕ್ಬರ್ ತನ್ನ ಕಡೆಯ ಅಸದ್ ಬೇಗ್ ಎಂಬ ಅಧಿಕಾರಿಯನ್ನು ಬಿಜಾಪುರಕ್ಕೆ ಕಳಿಸಿದ್ದ. ಅಸದ್ ಬೇಗ್ ಉತ್ತರದಲ್ಲಿ ತಂಬಾಕು ನೋಡಿಯೇ ಇರಲಿಲ್ಲ. ಬಿಜಾಪುರದಲ್ಲಿ ನೋಡಿ ಬೆರಗಾದ. ವಾಪಸ್ ಹೋಗುವಾಗ ಒಂದಿಷ್ಟು ತಂಬಾಕು ಮತ್ತು ಹರಳು ಕೂಡಿಸಿದ ಚಂದದ ಕೊಳವೆ ತೆಗೆದುಕೊಂಡು ಹೋಗಿ ದೊರೆಯ ಮುಂದಿಟ್ಟ. ಇದು 1604-05ರ ಸುಮಾರಿನ ಮಾತು. ಈ ಪ್ರಸಂಗವನ್ನು ಅಸದ್ ಬೇಗ್ ತಾನೇ ಬರೆದಿಟ್ಟಿದ್ದಾನೆ.

ಅಲ್ಲಿ ನಡೆದ ಚರ್ಚೆ ನಮಗೆ ಮುಖ್ಯ. ಇದನ್ನು ಮದ್ದು ಅಂತ ತಂದಿದ್ದಾರೆ ಎಂದು ದೊರೆಗೆ ಹೇಳಲಾಯಿತು. ದೊರೆ ಒಂದೆರಡು ದಮ್ಮು ಎಳೆದ. ಆಸ್ಥಾನದ ಹಕೀಮ ಅಡ್ಡ ಬಂದ. ಈ ಗಿಡದ ಬಗ್ಗೆ ವೈದ್ಯರ ಗ್ರಂಥಗಳಲ್ಲಿ ಏನೂ ಇಲ್ಲ, ಗುಣ ಗೊತ್ತಿಲ್ಲದ್ದನ್ನು ದೊರೆ ತೆಗೆದುಕೊಳ್ಳಬಾರದು ಎಂಬುದು ಅವನ ವಾದ. ದೊರೆ ಮುಂದೆ ಅದನ್ನು ಮುಟ್ಟಲಿಲ್ಲ. ಆದರೆ ಆಸ್ಥಾನದ ಶ್ರೀಮಂತರು ರೂಢಿ ಮಾಡಿಕೊಂಡರು, ವ್ಯಾಪಾರಿಗಳು ತರಿಸತೊಡಗಿದರು. 1617ರಲ್ಲಿ ಜಹಾಂಗೀರ್ ನಿಷೇಧ ಹೇರಿದರೂ ತಂಬಾಕು ನಿಲ್ಲಲಿಲ್ಲ.

ಯುರೋಪಿನಲ್ಲೂ ಅದು ಮೊದಲು ಮದ್ದಾಗಿಯೇ ಹೆಸರು ಮಾಡಿತ್ತು. ಪೋರ್ಚುಗಲ್‌ನಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ ಜೀನ್ ನಿಕೋ 1560ರಲ್ಲಿ ತಂಬಾಕನ್ನು ಔಷಧಿ ಗಿಡ ಎಂದು ತನ್ನ ರಾಜಮನೆತನಕ್ಕೆ ಕಳಿಸಿದ. ನಿಕೋಟಿನ್ ಅನ್ನುವ ಹೆಸರು ಬಂದದ್ದು ಈತನಿಂದಲೇ.

ಹೆಸರು ಸಿಕ್ಕಿತು, ಹುಟ್ಟೂರು ಸಿಗಲಿಲ್ಲ

1828ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಪೊಸೆಲ್ಟ್ ಮತ್ತು ರೈಮನ್ ಎಂಬಿಬ್ಬರು ತಂಬಾಕಿನ ಎಲೆಯಿಂದ ನಿಕೋಟಿನ್ನನ್ನು ಶುದ್ಧವಾಗಿ ಬೇರ್ಪಡಿಸಿದರು. ಅದು ಮದ್ದಿಗಿಂತ ವಿಷವೇ ಎಂದು ಅವರಿಗೆ ಕಂಡಿತು. 1904ರ ಹೊತ್ತಿಗೆ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸುವುದೂ ಸಾಧ್ಯವಾಯಿತು.

ಇಂಥ ವಸ್ತುಗಳಿಗೆ ಆಲ್ಕಲಾಯ್ಡ್ ಎನ್ನುತ್ತಾರೆ. ಗಿಡ ತಯಾರಿಸುವ, ಸಾರಜನಕ ಇರುವ ಪದಾರ್ಥ ಇದು. ಸಾಮಾನ್ಯವಾಗಿ ರುಚಿ ಕಹಿ. ಸ್ವಲ್ಪವೇ ಹೊಟ್ಟೆಗೆ ಹೋದರೂ ಮನುಷ್ಯನ ನರ, ಹೃದಯದ ಮೇಲೆ ಕೆಲಸ ಮಾಡುತ್ತದೆ. ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನ್, ಅಫೀಮಿನ ಮಾರ್ಫಿನ್, ಚಹಾದ ಕೆಫೀನ್ ಎಲ್ಲ ಇದೇ ಕುಲದವು. ಅಳತೆ ಸರಿಯಿದ್ದರೆ ಮದ್ದು, ತಪ್ಪಿದರೆ ವಿಷ.

ಗಿಡಕ್ಕೆ ಇದರಿಂದ ಏನು ಲಾಭ? ಕಾವಲು. ನಿಕೋಟಿನ್ ಹುಳುಗಳ ನರಮಂಡಲಕ್ಕೆ ನೇರ ಪೆಟ್ಟು ಕೊಡುತ್ತದೆ. ನೀವು ಹತ್ತಿಗೆ, ಮೆಣಸಿನಕಾಯಿಗೆ ಹೊಡೆಯುವ ಇಮಿಡಾಕ್ಲೋಪ್ರಿಡ್ ಕೂಡ ಕೀಟದ ನರದಲ್ಲಿ ನಿಕೋಟಿನ್ ಕೂರುವ ಜಾಗದಲ್ಲೇ ಹೋಗಿ ಕೂರುತ್ತದೆ. ಆ ಗುಂಪಿನ ಔಷಧಿಗಳ ಹೆಸರಿನಲ್ಲೇ ನಿಕೋಟಿನ್ ಇದೆ: ನಿಯೋನಿಕೋಟಿನಾಯ್ಡ್.

ಇಷ್ಟೆಲ್ಲ ಗೊತ್ತಾದ ಮೇಲೂ ನಿಕೋಟಿನ್ ಎಲೆಯಲ್ಲೇ ತಯಾರಾಗುತ್ತದೆ ಅನ್ನುವ ನಂಬಿಕೆ ಉಳಿದಿತ್ತು. ಗಿಡದ ಅಡುಗೆಮನೆ ಎಲೆ. ಎಲೆಯಲ್ಲಿ ಸಿಕ್ಕಿದ್ದು ಎಲೆಯಲ್ಲೇ ಬೆಂದಿರಬೇಕು ಎಂಬ ಲೆಕ್ಕ.

ಟೊಮೆಟೊ ಬೇರಿನ ಮೇಲೆ ತಂಬಾಕು

ಲೆಕ್ಕ ತಲೆಕೆಳಗಾದದ್ದು 1940ರ ದಶಕದ ಶುರುವಿನಲ್ಲಿ, ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ. ಅಮೆರಿಕದ ರೇ ಡಾಸನ್ ಮಾಡಿದ ಪ್ರಯೋಗಕ್ಕೆ ಬೇಕಾಗಿದ್ದು ದೊಡ್ಡ ಯಂತ್ರವಲ್ಲ, ಮಾವಿಗೆ ನಾವು ಮಾಡುವಂಥ ಕಸಿ.

ತಂಬಾಕು, ಟೊಮೆಟೊ, ಬದನೆ, ಆಲೂಗಡ್ಡೆ, ಮೆಣಸಿನಕಾಯಿ ಎಲ್ಲ ಒಂದೇ ಕುಟುಂಬದ ಗಿಡಗಳು. ಹಾಗಾಗಿ ತಂಬಾಕು, ಟೊಮೆಟೊ ಒಂದರ ಮೇಲೊಂದು ಕಸಿ ಹಿಡಿಯುತ್ತವೆ. ಡಾಸನ್ ಎರಡು ಬಗೆಯ ಕಸಿ ಮಾಡಿದರು.

ಮೊದಲನೆಯದರಲ್ಲಿ ಬೇರು ಟೊಮೆಟೊದ್ದು, ಮೇಲಿನ ಗಿಡ ತಂಬಾಕಿನದು. ಗಿಡ ಚೆನ್ನಾಗಿ ಬೆಳೆಯಿತು, ಎಲೆ ನೋಡಿದರೆ ತಂಬಾಕಿನ ಎಲೆಯೇ. ಪರೀಕ್ಷೆ ಮಾಡಿದರೆ ಅದರಲ್ಲಿ ನಿಕೋಟಿನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಎರಡನೆಯದರಲ್ಲಿ ಬೇರು ತಂಬಾಕಿನದು, ಮೇಲಿನ ಗಿಡ ಟೊಮೆಟೊದ್ದು. ಆ ಟೊಮೆಟೊ ಎಲೆಯಲ್ಲಿ ನಿಕೋಟಿನ್ ತುಂಬಿತ್ತು!

ಬೇರನ್ನು ಗಿಡದಿಂದ ಕತ್ತರಿಸಿ ಗಾಜಿನ ಸೀಸೆಯಲ್ಲಿ ಪೋಷಕಾಂಶ ಕೊಟ್ಟು ಬೆಳೆಸಿಯೂ ನೋಡಿದರು. ಎಲೆಯ ಸಂಪರ್ಕವೇ ಇಲ್ಲದ ಆ ಬೇರು ತಾನೇ ನಿಕೋಟಿನ್ ತಯಾರಿಸಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಸೋವಿಯತ್ ಒಕ್ಕೂಟದಲ್ಲಿ ಶ್ಮುಕ್ ಮತ್ತು ಜೊತೆಗಾರರೂ ಕಸಿ ಮಾಡಿ ಇದೇ ಉತ್ತರಕ್ಕೆ ಬಂದಿದ್ದರು. ಒಂದು ಚಾಕು, ಒಂದು ಕಸಿ. ನಾನೂರು ವರ್ಷದ ಗುಟ್ಟು ಬಯಲಾಯಿತು.

ಬೇರಿನಿಂದ ಎಲೆಗೆ ದಾರಿ

ಈಗ ದಾರಿ ನೋಡೋಣ. ಬೇರಿನ ಎಳೆಯ ತುದಿಗಳೇ ಇದರ ಕಾರ್ಖಾನೆ. ಬೇರು ಹೊಲದಿಂದ ಹೀರಿದ ಸಾರಜನಕದಲ್ಲಿ ಒಂದು ಪಾಲು ಇದಕ್ಕೆ ಹೋಗುತ್ತದೆ. ಯೂರಿಯಾ ಜಾಸ್ತಿ ಬಿದ್ದರೆ ತಂಬಾಕು ಕಡಕ್ ಆಗುವುದು ಇದರಿಂದ.

ತಯಾರಾದ ನಿಕೋಟಿನ್ ಗಿಡದ ನೀರಿನ ಕೊಳವೆಗಳಿಗೆ ಇಳಿಯುತ್ತದೆ. ಬೇರಿನಿಂದ ಎಲೆಯ ತುದಿವರೆಗೆ ಹೋಗುವ ಸಣ್ಣ ಪೈಪುಗಳು ಇವು. ಬಿಸಿಲಿಗೆ ಎಲೆಯಿಂದ ನೀರು ಆವಿಯಾದಂತೆ ಕೆಳಗಿನ ನೀರು ಮೇಲಕ್ಕೆ ಎಳೆಯಲ್ಪಡುತ್ತದೆ. ಕಾಲುವೆ ನೀರಿನಲ್ಲಿ ಕಸಕಡ್ಡಿ ತೇಲಿ ಹೋದ ಹಾಗೆ ನಿಕೋಟಿನ್ ಆ ನೀರಿನ ಜೊತೆ ಸಾಗುತ್ತದೆ.

ಎಲೆ ಮುಟ್ಟಿದ ಮೇಲೆ ಅದನ್ನು ಎಲ್ಲೆಂದರಲ್ಲಿ ಬಿಡುವಂತಿಲ್ಲ. ವಿಷ ಗಿಡದ ಜೀವಕೋಶಕ್ಕೂ ವಿಷವೇ. ಹಿಂದೆ ನಮ್ಮ ಕಡೆ ಜೋಳವನ್ನು ಹಗೇವಿನಲ್ಲಿ ಹಾಕಿ ಬಾಯಿ ಮುಚ್ಚುತ್ತಿದ್ದರಲ್ಲ, ಹಾಗೆ ಪ್ರತಿ ಜೀವಕೋಶದಲ್ಲೂ ಒಂದು ಚೀಲವಿದೆ. ನಿಕೋಟಿನ್ ಅದರೊಳಗೆ ಸೇರಿ ಭದ್ರವಾಗಿ ಕೂರುತ್ತದೆ. ಆ ಚೀಲದ ಬಾಗಿಲಲ್ಲಿ ನಿಂತು ನಿಕೋಟಿನ್ನನ್ನು ಒಳಗೆ ಬಿಡುವ ಒಂದು ಪ್ರೊಟೀನ್‌ಅನ್ನು 2009ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದರು. ಹುಳು ಎಲೆ ಕಚ್ಚಿದಾಗ ಚೀಲ ಒಡೆಯುತ್ತದೆ, ಖಾರ ಹುಳುವಿನ ಬಾಯಿಗೆ ಬೀಳುತ್ತದೆ.

ಕುಡಿ ಚಿವುಟಿದಾಗ ಏನಾಗುತ್ತದೆ

ಮೊದಲಿನ ಪ್ರಶ್ನೆಗೆ ಈಗ ಉತ್ತರ ಸಿಗುತ್ತದೆ. ಎಲೆಗೆ ಗಾಯವಾದರೆ ಗಿಡದಲ್ಲಿ ಜಾಸ್ಮೋನಿಕ್ ಆಮ್ಲ ಎಂಬ ಪದಾರ್ಥ ಏರುತ್ತದೆ. ಈ ಕುಟುಂಬದ ಪದಾರ್ಥ ಮೊದಲು ಸಿಕ್ಕಿದ್ದು ಮಲ್ಲಿಗೆ ಎಣ್ಣೆಯಲ್ಲಿ, ಹೆಸರು ಬಂದದ್ದೂ ಮಲ್ಲಿಗೆಯಿಂದ. ಅದು ಗಿಡದ ಒಳಗಿನ ಡಂಗುರ ಇದ್ದ ಹಾಗೆ. ಮೇಲೆ ಆಪತ್ತು ಬಂದಿದೆ ಎಂಬ ಸುದ್ದಿ ಬೇರಿಗೆ ಮುಟ್ಟುತ್ತದೆ, ಬೇರು ನಿಕೋಟಿನ್ ತಯಾರಿಕೆ ಹೆಚ್ಚಿಸುತ್ತದೆ, ಕೆಲವೇ ದಿನಗಳಲ್ಲಿ ಎಲೆಯ ಖಾರ ಏರುತ್ತದೆ. ಅಮೆರಿಕದ ಕಾಡು ತಂಬಾಕಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ಇಯಾನ್ ಬಾಲ್ಡ್‌ವಿನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದನ್ನು ವಿವರವಾಗಿ ತೋರಿಸಿದರು.

ಕುಡಿ ಚಿವುಟುವುದೂ ಗಿಡಕ್ಕೆ ಒಂದು ಗಾಯವೇ. ಜೊತೆಗೆ ಬೆಳೆಯುವ ತುದಿಯಿಂದ ಕೆಳಗೆ ಬರುತ್ತಿದ್ದ ಆಕ್ಸಿನ್ ಎಂಬ ಹಾರ್ಮೋನ್ ನಿಲ್ಲುತ್ತದೆ. ಹೂವಿಗೆ, ಬೀಜಕ್ಕೆ ಹೋಗಬೇಕಾದ ಶಕ್ತಿ ಉಳಿಯುತ್ತದೆ. ಬೇರು ಹೊಸ ಕವಲೊಡೆಯುತ್ತದೆ. ಬೇರಿನ ತುದಿ ಹೆಚ್ಚಾದಷ್ಟೂ ಕಾರ್ಖಾನೆ ಹೆಚ್ಚು. ತಂಬಾಕು ಹೊಲದಲ್ಲಿ ಕುಡಿ ಚಿವುಟುವ ಹೆಣ್ಣುಮಗಳು ಗಿಡಕ್ಕೆ ಹುಳು ಬಿತ್ತು ಎಂಬ ಸುಳ್ಳು ಸುದ್ದಿ ಕಳಿಸುತ್ತಿದ್ದಾಳೆ, ಬೇರು ಅದನ್ನು ನಂಬಿ ದುಡಿಯುತ್ತಿದೆ. ಪ್ರಯೋಗಶಾಲೆಗಿಂತ ಎಷ್ಟೋ ಮೊದಲೇ ಒಕ್ಕಲುತನದವರ ಕೈಗೆ ಈ ವಿದ್ಯೆ ಗೊತ್ತಿತ್ತು.

ಆ ಕೈಗಳಿಗೆ ಸಿಕ್ಕ ಬೆಲೆಯ ಕತೆ ಬೇರೆ. ಎಲೆಗೆ ನ್ಯಾಯವಾದ ರೇಟು ಕೇಳಿ 1981ರಲ್ಲಿ ನಿಪ್ಪಾಣಿ ಸೀಮೆಯ ತಂಬಾಕು ಬೆಳೆಗಾರರು ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ದಿನಗಟ್ಟಲೆ ಕುಳಿತರು. ಶರದ್ ಜೋಶಿ, ಸುಭಾಷ್ ಜೋಶಿ ಮುಂದಾಳತ್ವ ವಹಿಸಿದ್ದರು. ಏಪ್ರಿಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿ ರೈತರು ಪ್ರಾಣ ಕಳೆದುಕೊಂಡರು. ಅದೇ ದಶಕದಲ್ಲಿ ವಖಾರಿಗಳಲ್ಲಿ ತಂಬಾಕು ಜಾಳಿಸುವ, ಬೀಡಿ ಕಟ್ಟುವ ಹೆಣ್ಣುಮಕ್ಕಳೂ ಸಂಘಟನೆ ಕಟ್ಟಿಕೊಂಡರು.

ಬೇರು ಮಣ್ಣಿಗೂ ಬಿಡುತ್ತದೆ

ಬೇರು ಬರೀ ಮೇಲಕ್ಕೆ ಕಳಿಸುವುದಿಲ್ಲ. ಸುತ್ತಲಿನ ಮಣ್ಣಿಗೂ ನಾನಾ ಪದಾರ್ಥ ಒಸರುತ್ತದೆ. ಆಹಾರ ಒದಗಿಸುವ ಸೂಕ್ಷ್ಮಜೀವಿಗಳನ್ನು ಕರೆಯಲು ಕೆಲವು, ಶತ್ರುವನ್ನು ದೂರ ಇಡಲು ಕೆಲವು. ಆದರೆ ಕರೆ ಕೇಳಿ ನೆಂಟರ ಜೊತೆ ಕಳ್ಳರೂ ಬರುತ್ತಾರೆ. ತಂಬಾಕಿನ ಬುಡದಲ್ಲಿ ಹಸಿರೆಲೆ ಇಲ್ಲದೆ, ನೆಟ್ಟಗೆ ಹೂಗೊಂಚಲಷ್ಟೇ ಎದ್ದು ನಿಲ್ಲುವ ಕಳೆಯನ್ನು ನೋಡಿರುತ್ತೀರಿ. ಒರೊಬಾಂಕಿ ಅದರ ಶಾಸ್ತ್ರೀಯ ಹೆಸರು. ಅದರ ದೂಳಿನಂಥ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿರುತ್ತದೆ. ತಂಬಾಕಿನ ಬೇರು ಒಸರಿದ್ದು ತಾಗಿದ ಕೂಡಲೇ ಎಚ್ಚರಾಗಿ, ಬೇರಿಗೆ ಬಾಯಿ ಹಾಕಿ ಹೀರುತ್ತದೆ. ಅದಕ್ಕೇ ಆ ಕಳೆ ಬೀಜ ಉದುರಿಸುವ ಮೊದಲೇ ಕಿತ್ತು ಸುಡಬೇಕು.

ಒಂದು ಗಿಡದ ಆಲ್ಕಲಾಯ್ಡ್ ಮಣ್ಣಿನ ಮೂಲಕ ಇನ್ನೊಂದು ಗಿಡಕ್ಕೆ ಹೋಗುವುದೂ ಉಂಟು. ತಂಬಾಕು ಬೆರೆತ ಮಣ್ಣಿನಲ್ಲಿ ಬೆಳೆದ ಪುದೀನಾ ಬೇರಿನಿಂದ ನಿಕೋಟಿನ್ ಹೀರಿಕೊಂಡು ಎಲೆಗೆ ತಂದುಕೊಂಡಿದ್ದನ್ನು ಜರ್ಮನಿಯ ವಿಜ್ಞಾನಿಗಳು 2015ರಲ್ಲಿ ತೋರಿಸಿದರು. ತಂಬಾಕಿನ ಪುಡಿ, ಕಸವನ್ನು ಕೊತ್ತಂಬರಿ, ಮೆಂತ್ಯದ ಮಡಿಗೆ ಗೊಬ್ಬರ ಎಂದು ಸುರಿಯುವ ಮುಂಚೆ ಇದು ನೆನಪಿರಲಿ.

ಬದುವಿನ ಮದಗುಣಕಿ

ತಂಬಾಕಿನ ಈ ಗುಣ ಅದರ ಬಂಧುವಿಗೂ ಇದೆ. ಗೋಕಾಕ, ಮೂಡಲಗಿ ಕಡೆ ತಿಪ್ಪೆ, ಕಾಲುವೆ ದಂಡೆ, ಬದುಗಳಲ್ಲಿ ಬಿಳಿ ಹೂವಿನ, ಮುಳ್ಳುಕಾಯಿಯ ಮದಗುಣಕಿ ಬೆಳೆಯುತ್ತದಲ್ಲ, ದತ್ತೂರಿ ಎಂದೂ ಕರೆಯುತ್ತೇವೆ. ಅದರ ಆಲ್ಕಲಾಯ್ಡ್‌ಗಳು ಹೈಯೋಸಯಮೀನ್ ಮತ್ತು ಸ್ಕೋಪೋಲಮೀನ್. ಅವೂ ಬೇರಿನಲ್ಲಿ ಹುಟ್ಟಿ ಎಲೆ, ಬೀಜಕ್ಕೆ ಏರುತ್ತವೆ. ಕೀಟನಾಶಕ ಕುಡಿದವರಿಗೆ ಸರಕಾರಿ ಆಸ್ಪತ್ರೆಯಲ್ಲಿ ಕೊಡುವ ಅಟ್ರೋಪಿನ್ ಇಂಜೆಕ್ಷನ್ ಈ ಕುಟುಂಬದ್ದೇ. ಜೀವ ಉಳಿಸುವ ಮದ್ದು. ಅದನ್ನೇ ಬೀಜ ರೂಪದಲ್ಲಿ ತಿಂದರೆ ಭ್ರಮೆ, ಸಾವು.

ಅಮೆರಿಕದಲ್ಲಿ ಒಬ್ಬರು ಟೊಮೆಟೊ ಗಿಡ ಚಳಿಗೆ ತಡೆಯಲಿ ಎಂದು ದತ್ತೂರಿ ಬೇರಿಗೆ ಕಸಿ ಮಾಡಿದರು. ಹಣ್ಣು ನೋಡಲು ಟೊಮೆಟೊವೇ. ತಿಂದ ಮನೆಮಂದಿ ವಿಷವೇರಿ ಆಸ್ಪತ್ರೆ ಸೇರಿದರು. ಬೇರಿನ ವಿಷ ಹಣ್ಣಿಗೆ ಏರಿತ್ತು.

ಇದು ನಮಗೆ ಇಂದಿನ ವಿಷಯ. ಸೊರಗು ರೋಗ ತಡೆಯಲು ಕಾಡು ಬದನೆ ಬೇರಿನ ಮೇಲೆ ಕಸಿ ಮಾಡಿದ ಬದನೆ, ಟೊಮೆಟೊ ಸಸಿಗಳು ನರ್ಸರಿಗಳಲ್ಲಿ ಸಿಗುತ್ತಿವೆ. ಅವು ಪರೀಕ್ಷೆ ಮಾಡಿದ ಬೇರುಗಳು, ಹೆದರಬೇಕಾಗಿಲ್ಲ. ಆದರೆ ಮೊಬೈಲ್‌ನಲ್ಲಿ ವಿಡಿಯೋ ನೋಡಿ ಬದುವಿನ ಯಾವುದೋ ಗಟ್ಟಿ ಬೇರಿಗೆ ತಾವೇ ಕಸಿ ಮಾಡಲು ಹೋಗಬೇಡಿ. ದತ್ತೂರಿಗಂತೂ ಬೇಡವೇ ಬೇಡ.

ಬೇರಿನಲ್ಲೇ ಉಳಿದ ಮದ್ದು

ಎಲ್ಲ ಗಿಡವೂ ಮದ್ದನ್ನು ಮೇಲಕ್ಕೆ ಕಳಿಸುವುದಿಲ್ಲ. ಪಶ್ಚಿಮಘಟ್ಟದ ತೇವದ ಕಾಡಿನ ಸರ್ಪಗಂಧ ತನ್ನ ಮದ್ದಿನ ದೊಡ್ಡ ಪಾಲನ್ನು ಬೇರಿನ ತೊಗಟೆಯಲ್ಲೇ ಇಟ್ಟುಕೊಳ್ಳುತ್ತದೆ. ನಾಟಿ ವೈದ್ಯರು ಹುಚ್ಚಿಗೆ, ನಿದ್ದೆ ಬಾರದವರಿಗೆ ಕೊಡುತ್ತಿದ್ದದ್ದು ಆ ಬೇರನ್ನೇ. 1931ರಲ್ಲಿ ದಿಲ್ಲಿಯ ಟಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಅದರಿಂದ ಆಲ್ಕಲಾಯ್ಡ್ ಬೇರ್ಪಡಿಸಿ, ಹಕೀಮ್ ಅಜ್ಮಲ್ ಖಾನರ ನೆನಪಿಗೆ ಒಂದಕ್ಕೆ ಅಜ್ಮಲೀನ್ ಎಂದು ಹೆಸರಿಟ್ಟರು. 1949ರಲ್ಲಿ ಮುಂಬೈಯ ಡಾ. ರುಸ್ತುಂ ಜಾಲ್ ವಕೀಲ್, ಈ ಬೇರಿನಿಂದ ರಕ್ತದೊತ್ತಡ ಇಳಿಯುತ್ತದೆ ಎಂದು ಬ್ರಿಟನ್ನಿನ ವೈದ್ಯಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಅದರಿಂದ ರೆಸರ್ಪಿನ್ ತೆಗೆಯಿತು. ಬಿ.ಪಿ. ಮಾತ್ರೆಗಳ ಚರಿತ್ರೆಯಲ್ಲಿ ಅದು ದೊಡ್ಡ ಹೆಸರು.

ಕೀರ್ತಿಯೇ ಗಿಡಕ್ಕೆ ಕುತ್ತಾಯಿತು. ತಂಬಾಕಿನ ಎಲೆ ಕಿತ್ತರೆ ಗಿಡ ಒಡನೆ ಸಾಯುವುದಿಲ್ಲ. ಬೇರು ಅಗೆದರೆ ಸರ್ಪಗಂಧ ಅಲ್ಲಿಗೆ ಮುಗಿಯಿತು. ಜಗತ್ತಿನಿಂದ ಬೇಡಿಕೆ ಬಂದಂತೆ ಕಾಡು ಅಗೆಯುವವರು ಹೆಚ್ಚಿದರು, ಗಿಡ ಅಪರೂಪವಾಯಿತು. 1990ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣವಿದೆ. ಕಾಡಿನಿಂದ ಅಗೆದು ತಂದ ಬೇರನ್ನು ಕೊಳ್ಳುವ ದಲ್ಲಾಳಿ ನಿಮ್ಮೂರಿಗೆ ಬಂದರೆ, ಅವನ ಚೀಲದಲ್ಲಿರುವ ಒಂದೊಂದು ಬೇರೂ ಸತ್ತ ಒಂದು ಗಿಡ ಎಂಬುದು ತಿಳಿದಿರಲಿ.

ಒದ್ದೆ ಎಲೆ, ಬರಿಗೈ

ಮತ್ತೆ ತಂಬಾಕಿನ ಹೊಲಕ್ಕೆ ಬರೋಣ. ಬೇರು ಕಳಿಸಿದ ನಿಕೋಟಿನ್ ಎಲೆಯಲ್ಲಿ ಕೂತಿದೆ ಅಂದೆವು. ಅದು ನೀರಿನಲ್ಲಿ ಕರಗುತ್ತದೆ, ಚರ್ಮದ ಮೂಲಕವೂ ಮೈಗಿಳಿಯುತ್ತದೆ. ಇಬ್ಬನಿ ಬಿದ್ದ, ಮಳೆಗೆ ತೊಯ್ದ ಹಸಿ ಎಲೆಯನ್ನು ಬರಿಗೈಲಿ ಕೊಯ್ದು, ಎದೆಗವಚಿ ಹೊತ್ತವರಿಗೆ ಕೆಲವೇ ತಾಸಿನಲ್ಲಿ ತಲೆ ಸುತ್ತು, ವಾಕರಿಕೆ, ವಾಂತಿ, ತಲೆನೋವು ಬರುವುದು ಇದಕ್ಕೇ. ಬಹಳ ಮಂದಿ ಪಿತ್ತ ಎಂದೋ, ಬಿಸಿಲು ಬಡಿದಿದೆ ಎಂದೋ ಸುಮ್ಮನಾಗುತ್ತಾರೆ. ವೈದ್ಯರು ಇದಕ್ಕೆ ಹಸಿ ತಂಬಾಕಿನ ಕಾಯಿಲೆ ಎಂದೇ ಹೆಸರಿಟ್ಟಿದ್ದಾರೆ. ಬೀಡಿ ಸೇದದ, ತಂಬಾಕು ತಿನ್ನದ ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಇದು ಬೇಗ ತಟ್ಟುತ್ತದೆ. ಅವರ ಮೈಗೆ ನಿಕೋಟಿನ್ ಹೊಸದು. ಬೀಡಿ ತಂಬಾಕಿನಲ್ಲಿ ಸಿಗರೇಟಿನ ತಂಬಾಕಿಗಿಂತ ನಿಕೋಟಿನ್ ಹೆಚ್ಚು, ಹಾಗಾಗಿ ನಮ್ಮ ಕಡೆ ಇನ್ನಷ್ಟು ಎಚ್ಚರ ಬೇಕು.

ಮಾಡಬೇಕಾದ್ದು ಸರಳ. ಎಲೆ ಒಣಗಿದ ಮೇಲೆ ಕೊಯ್ಲಿಗೆ ಇಳಿಯಿರಿ. ಕೈಗೆ ಗವಸು, ತುಂಬು ತೋಳಿನ ಅಂಗಿ ಇರಲಿ. ಬಟ್ಟೆ ತೊಯ್ದರೆ ಬದಲಿಸಿ. ಬುತ್ತಿ ಬಿಚ್ಚುವ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ಬಸುರಿಯರನ್ನು, ಮಕ್ಕಳನ್ನು ಈ ಕೆಲಸಕ್ಕೆ ಕರೆಯಬೇಡಿ. ವಾಂತಿ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ, ತಂಬಾಕು ಕೊಯ್ದಿದ್ದೆ ಎಂದು ವೈದ್ಯರಿಗೆ ಮರೆಯದೆ ಹೇಳಿ. ತಂಬಾಕು ಕಷಾಯ ಸಾವಯವ, ಏನೂ ಆಗಲ್ಲ ಎಂದು ಬರಿಗೈಲಿ ಕಲಸಿ ಹೊಡೆಯುವವರಿಗೂ ಇದೇ ಮಾತು. ನಿಕೋಟಿನ್ ಸಲ್ಫೇಟ್ ಕೀಟನಾಶಕದ ಬಳಕೆಯನ್ನು ನಮ್ಮ ದೇಶ 1992ರಲ್ಲೇ ನಿಷೇಧಿಸಿದೆ.

ಅಂದು ಅಕ್ಬರನ ಮುಂದೆ ಮದ್ದು ಎನ್ನಿಸಿಕೊಂಡದ್ದು ಇಂದು ನಿಜವಾಗಿಯೂ ಒಂದು ಕೆಲಸಕ್ಕೆ ಮದ್ದಾಗಿದೆ: ತಂಬಾಕು ಬಿಡಿಸುವುದಕ್ಕೆ. ಅಳತೆ ಮಾಡಿದ ನಿಕೋಟಿನ್ ಇರುವ ಚೂಯಿಂಗ್ ಗಮ್ 1970ರ ದಶಕದಲ್ಲಿ ಸ್ವೀಡನ್ನಿನಲ್ಲಿ ತಯಾರಾಯಿತು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಇಂಥ ಚಿಕಿತ್ಸೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಬಿಡಬೇಕು ಅನ್ನುವವರು ಕೇಂದ್ರ ಸರಕಾರದ 1800-11-2356 ನಂಬರಿಗೆ ಉಚಿತವಾಗಿ ಫೋನ್ ಮಾಡಬಹುದು.

ಈ ಸಲ ಎಲೆ ಕೊಯ್ದು, ಕಟ್ಟಿಗೆ ಕಿತ್ತು ಹಾಕುವಾಗ ಒಂದು ಬೇರನ್ನು ಮಣ್ಣು ಕೊಡವಿ ನೋಡಿ. ಕೂದಲಿನಷ್ಟು ಸಣ್ಣ ಎಳೆಗಳು. ವ್ಯಾಪಾರಿ ಅದನ್ನು ಮುಟ್ಟುವುದಿಲ್ಲ, ಒಲೆಗೂ ಅದು ಸಾಲದು. ವಖಾರಿಯಲ್ಲಿ ತೂಗಿದ ಅಷ್ಟೂ ಖಾರ ಅಲ್ಲಿಂದಲೇ ಹೊರಟದ್ದು.